ಖಾಲಿ ಕರಡಿಗೆ

ಅಜ್ಜಂಪುರ
17-8-2025, ಭಾನುವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಸೊಸೆ ದೀಪಶ್ರೀಗೆ ನಿನ್ನ ಅತ್ತೆ ಗುರುಶಾಂತಮ್ಮನ ಮನಸಾರೆ ಆಶೀರ್ವಾದಗಳು.

ನಿಮ್ಮಮ್ಮನ ಕಣ್ಣು ಹೇಗಿದೆ, ಅದನ್ನು ಮೊದಲು ಹೇಳು. ಪೊರೆ ತೆಗೆಸಿ ಇವತ್ತಿಗೆ ಹದಿನೈದು ದಿನವಾಗಿರಬೇಕು. ಹೊತ್ತು ಹೊತ್ತಿಗೆ ಹನಿ ಹಾಕುವುದನ್ನು ನೀನು ತಪ್ಪಿಸುವವಳಲ್ಲ, ಆದರೆ ಪಂಕಜಾಕ್ಷಿಯವರು ಸುಮ್ಮನೆ ಕೂರುವ ಜೀವವಲ್ಲ. ನೀನು ಬಚ್ಚಲಿಗೆ ಹೋದ ಹೊತ್ತು ನೋಡಿಕೊಂಡು ಒಲೆ ಮುಂದೆ ನಿಂತುಬಿಡುತ್ತಾರೆ. ಹೊಗೆ, ಒಗ್ಗರಣೆಯ ಘಾಟು ಎರಡೂ ಕೂಡದು ಎಂದು ಬೀಗಿತ್ತಿ ಹೇಳಿದ್ದಾಳೆ ಅಂತ ಹೇಳು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತರೆ ದೊಡ್ಡ ಆಫೀಸರ್ ಥರ ಕಾಣುತ್ತಾರೆ ಎಂದು ನಿನ್ನ ಗಂಡ ಸಿದ್ದಲಿಂಗೇಶ ಹೇಳಿ ನಕ್ಕ. ನಿಮ್ಮಪ್ಪ ಈರಭದ್ರಪ್ಪನವರು ಸಕ್ಕರೆ ಇಲ್ಲದ ಕಾಫಿಗೆ ಒಗ್ಗಿದರೋ, ಇನ್ನೂ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದಾರೋ? ಇನ್ನು ನಿನ್ನ ವಿಷಯ. ನೀನು ಹಸಿವಾದರೂ ಹೇಳುವವಳಲ್ಲ, ಜ್ವರ ಬಂದರೂ ಹೇಳುವವಳಲ್ಲ. ಊಟ ನಿದ್ದೆ ಸರಿಯಾಗಿ ಮಾಡು. ನಾವು ಮೂವರೂ ಕ್ಷೇಮವಾಗಿದ್ದೇವೆ.

ಫೋನ್ ಇರುವಾಗ ಈ ಮುದುಕಿ ಯಾಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಿರುತ್ತದೆ. ಫೋನ್ ಮಾಡಿದರೆ ನೀನು ‘ಹೂಂ ಅತ್ತೆ, ಸರಿ ಅತ್ತೆ’ ಎಂದು ಎರಡು ಮಾತಾಡಿ ನಿಮ್ಮಮ್ಮನ ಕೈಗೆ ಕೊಟ್ಟುಬಿಡುತ್ತೀಯ. ನನ್ನದೂ ತಪ್ಪಿದೆ. ಫೋನ್ ಕಿವಿಗೆ ಹಿಡಿದ ಕೂಡಲೇ ನನ್ನ ಗಂಟಲು ತಾನಾಗಿ ಮೇಲೇರುತ್ತದೆ, ಒಳ್ಳೆಯ ಮಾತು ಆಡಿದರೂ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ. ‘ನೀನು ಮಾತಾಡಿದ್ರೆ ಶಿವನಿ ಸ್ಟೇಷನ್‌ಗಂಟ ಕೇಳ್ಸುತ್ತೆ ಕಣೇ, ನಿಂಗ್ಯಾಕೆ ಫೋನು?’ ಎಂದು ನಿನ್ನ ಮಾವ ಯಾವಾಗಲೂ ಆಡಿಕೊಳ್ಳುತ್ತಾರಲ್ಲ. ಅದಕ್ಕೇ ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿಯ ಹಾಳೆ ಹರಿದುಕೊಂಡು ಕೂತಿದ್ದೇನೆ. ಬರೆಯುವಾಗ ಕೈ ನಿಧಾನ, ಹಾಗಾಗಿ ಬಾಯಿಗೆ ಬಂದದ್ದೆಲ್ಲ ಹಾಳೆಗೆ ಬರುವುದಿಲ್ಲ. ಪಕ್ಕದ ಮನೆ ಓಂಕಾರೇಶ ಮಧ್ಯಾಹ್ನ ತೆಂಗಿನಕಾಯಿ ತುಂಬಿಕೊಂಡು ಬರಲು ಪಿಕಪ್‌ನಲ್ಲಿ ನಿಮ್ಮ ಸಖರಾಯಪಟ್ಟಣಕ್ಕೇ ಬರುತ್ತಿದ್ದಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಇಲ್ಲಿ ಈರುಳ್ಳಿ ಕೀಳುವುದು ಶುರುವಾಗಿದೆ. ಊರಿಗೆ ಊರೇ ಈರುಳ್ಳಿ ವಾಸನೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಕಣ್ಣು ಉರಿಯುತ್ತದೆ. ನಿನ್ನ ಮಾವ ನೀನಿಲ್ಲದ ಮನೆಯಲ್ಲಿ ತಾವೇ ಕಾಫಿ ಮಾಡಿಕೊಳ್ಳುತ್ತೇನೆಂದು ಆ ಇಂಡಕ್ಷನ್ ಒಲೆಯ ಮೇಲೆ ಅದಕ್ಕಾಗದ ಅಲ್ಯೂಮಿನಿಯಂ ಪಾತ್ರೆ ಇಟ್ಟು ಅರ್ಧ ಗಂಟೆ ಕಾದರು. ಒಲೆ ಕೀ ಕೀ ಅನ್ನುತ್ತಿತ್ತು. ‘ಏನೋ ಕೇಳ್ತಾ ಐತೆ ಕಣೇ, ನಂಗೆ ಅರ್ಥ ಆಗ್ತಿಲ್ಲ’ ಎಂದರು. ಸಿದ್ದಲಿಂಗೇಶನ ಅಂಗಡಿಗೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಬರುತ್ತಲೇ ಇವೆ, ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಬೆರಳೆಲ್ಲ ಕಪ್ಪು. ಉಂಡು ಎದ್ದ ತಕ್ಷಣ ಮಹಡಿ ಹತ್ತುತ್ತಾನೆ. ಕೇಳಿದರೆ ಕೆಳಗೆ ಸಿಗ್ನಲ್ ಇಲ್ಲವಂತೆ. ಮದುವೆಯಾಗಿ ನಾಲ್ಕು ವರ್ಷವಾದ ಗಂಡಸಿಗೆ ಹೆಂಡತಿ ಜೊತೆ ಮಾತಾಡಲು ನಮ್ಮ ಮುಂದೆ ಸಿಗ್ನಲ್ಲಿನ ನೆಪ! ನಾನೂ ಪಾಪ ಅಂದುಕೊಂಡು ಸುಮ್ಮನಿದ್ದೇನೆ.

ಅವನೇ ನಿನ್ನೆ ಮಹಡಿಯಿಂದ ಇಳಿದು ಬಂದು ವಿಷಯ ಹೇಳಿದ. ಕಡೂರಿನ ರಕ್ತಪರೀಕ್ಷೆಯ ಲ್ಯಾಬಿನವರು ನಿನ್ನನ್ನು ಕೆಲಸಕ್ಕೆ ಕರೆದಿದ್ದಾರಂತೆ, ನಾಳೆ ಸೋಮವಾರ ಸಂಜೆಯೊಳಗೆ ಉತ್ತರ ಹೇಳಬೇಕಂತೆ. ಹೂಂ ಅಂದರೆ ತರೀಕೆರೆಯ ಕೆಲಸ ಬಿಟ್ಟು, ಕಡೂರಿನಲ್ಲೇ ಬಾಡಿಗೆ ಮನೆ ಮಾಡಿ, ಇವನನ್ನೂ ಅಲ್ಲಿಗೇ ಕರೆಸಿಕೊಳ್ಳುವುದು ಎಂದು ಮಾತಾಗಿದೆಯಂತೆ. ನೋಡು ದೀಪಾ, ನೀನು ಕೆಲಸ ಚೆನ್ನಾಗಿದೆಯೆಂದು ಹೋಗುವುದಾದರೆ ನಾನೇ ಮುಂದೆ ನಿಂತು ಹಾಲುಕ್ಕಿಸಿ ಬರುತ್ತೇನೆ. ಕಡೂರೇನು ಕಾಶಿಯಲ್ಲ, ಬೆಳಗ್ಗೆ ಹೋಗಿ ಸಂಜೆ ಬರುವ ಊರು. ಆದರೆ ನೀನು ಹೋಗುತ್ತಿರುವುದು ಕೆಲಸಕ್ಕಲ್ಲ, ನನ್ನ ಬಾಯಿಗೆ ಹೇಸಿ. ಅದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಆ ಉತ್ತರ ಹೇಳುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಅಷ್ಟೇ ನನ್ನ ಆಸೆ.

ಆವತ್ತಿನ ಮಾತು ಎತ್ತಲೇಬೇಕು. ಶ್ರಾವಣದ ಮೊದಲ ಸೋಮವಾರ, ಮಠದ ಅಜ್ಜಯ್ಯನವರ ಪಾದಪೂಜೆ ಮುಗಿದು ಪಡಸಾಲೆ ತುಂಬ ಜನ ಪ್ರಸಾದಕ್ಕೆ ಕೂತಿದ್ದರು. ಲಿಂಗದಹಳ್ಳಿಯವರು, ತರೀಕೆರೆಯವರು, ಓಣಿಯ ಹೆಂಗಸರು, ಎಲ್ಲ ಸೇರಿ ಮೂವತ್ತು ಜನಕ್ಕೆ ಕಡಿಮೆಯಿಲ್ಲ. ನೀನು ತೀರ್ಥದ ಬಟ್ಟಲು ಹಿಡಿದು ಬಗ್ಗಿದೆ. ಆಗ ನಾನು ಅಂದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: ‘ಅದನ್ನ ಅಲ್ಲಿ ಇಡು. ಬೆಳಗಾಗೆದ್ದು ಲಿಂಗಪೂಜೆ ಇಲ್ದೆ ಕಾಫಿ ಕುಡಿಯೋರ ಕೈಲಿ ತೀರ್ಥ ತಗಳ್ಳೋಷ್ಟು ನಮ್ಮ ಮನೆ ಕೆಟ್ಟಿಲ್ಲ.’ ನೀನು ಬಟ್ಟಲು ಕೆಳಗಿಟ್ಟೆ, ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಮಾರನೇ ದಿನ, ಮಂಗಳವಾರ ಅಂತಲೂ ನೋಡದೆ, ಅಮ್ಮನ ಕಣ್ಣಿನ ಆಪರೇಷನ್ ಎಂದು ಬ್ಯಾಗು ಹಿಡಿದು ಬಸ್ಸು ಹತ್ತಿದೆ. ಬೆಳಗಿನ ಜಾವ ನಿನ್ನ ಕೈಯಲ್ಲಿ ಲೋಟ ನೋಡಿದ್ದು ನಿಜ. ಆದರೆ ನಾನು? ಚಿತ್ರಾನ್ನದ ಉಪ್ಪು ನೋಡುವ ನೆಪದಲ್ಲಿ ಮೂರು ಸಲ ಬಾಯಿ ಆಡಿಸಿದ್ದೆ, ಹೋಳಿಗೆ ಬೆಂದಿದೆಯೋ ಇಲ್ಲವೋ ಎಂದು ಅರ್ಧ ಮುರಿದು ತಿಂದಿದ್ದೆ. ಅದು ನನಗೆ ತಿಂದ ಲೆಕ್ಕಕ್ಕೇ ಬಂದಿರಲಿಲ್ಲ ನೋಡು.

ಇದಿಷ್ಟೇ ಆಗಿದ್ದರೆ ‘ಅತ್ತೆ ಬಾಯಿ, ಹೋಗ್ಲಿ’ ಎಂದು ನೀನೂ ಬಿಡಬಹುದಿತ್ತು, ನಾನೂ ಈ ವಯಸ್ಸಿನಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ. ಇನ್ನೊಂದಿದೆ. ಹೇಳುತ್ತೇನೆ, ನಗಬೇಡ. ಅಥವಾ ನಕ್ಕುಬಿಡು, ನಿನ್ನ ಮಾವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡದ್ದಾಯಿತು.

ಯುಗಾದಿ ಕಳೆದ ವಾರ ನನ್ನ ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳದ ತಿರುಪು ಸವೆದು ಸಡಿಲವಾಗಿತ್ತು, ನಿನಗೆ ನೆನಪಿರಬಹುದು. ಒಳಗಿದ್ದ ಲಿಂಗವನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ ಭದ್ರವಾಗಿ ಇಟ್ಟು, ಬರೀ ಕರಡಿಗೆಯನ್ನು ಪೇಟೆಯ ಅಕ್ಕಸಾಲಿ ಚಂದ್ರಕುಮಾರನಿಗೆ ಕೊಟ್ಟು ಬಂದೆ. ಎರಡು ದಿನದಲ್ಲಿ ಅವನು ತಿರುಪು ಸರಿಮಾಡಿ, ಉಜ್ಜಿ ಹೊಳಪು ಬರಿಸಿ ಕೊಟ್ಟ. ತಂದು ಕೊರಳಿಗೆ ಹಾಕಿಕೊಂಡೆ. ಕೈಗೆ ಬಹಳ ಹಗುರವೆನಿಸಿತು. ನನಗೆ ಬಂದ ಮೊದಲ ಯೋಚನೆ ಏನು ಗೊತ್ತಾ? ‘ಬೆಳ್ಳಿ ಕೆರೆದುಕೊಂಡಿದ್ದಾನೆ, ಕಳ್ಳ!’ ಅಷ್ಟೇ. ಮನೆಯಲ್ಲಿ ಮಾತ್ರ ಅಂದಿದ್ದರೆ ಸರಿ. ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಬೀಸಿಸುವ ಸಾಲಿನಲ್ಲಿ ನಿಂತು ಅಂದೆ, ಮದುವೆ ಮನೆಯಲ್ಲಿ ಅಂದೆ, ‘ಅವನತ್ರ ಏನೂ ಕೊಡ್ಬೇಡ್ರವ್ವ, ಕೈಗೆ ಬರೋ ಹೊತ್ತಿಗೆ ಅರ್ಧ ಇರಲ್ಲ’ ಎಂದು ಉಪದೇಶ ಮಾಡಿದೆ. ಚಿನ್ನ ಬೆಳ್ಳಿಯ ಕೆಲಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಲಿಂಗವಿಲ್ಲದ ಕರಡಿಗೆ ಹಗುರವಾಗಿರದೆ ಇನ್ನೇನಾಗಿರುತ್ತದೆ ಎಂದು ಈ ತಲೆಗೆ ಹೊಳೆಯಲೇ ಇಲ್ಲ.

ಹೌದು ಕಣಮ್ಮ. ಲಿಂಗವನ್ನು ತಿರುಗಿ ಒಳಗಿಡುವುದನ್ನು ನಾನು ಮರೆತಿದ್ದೆ. ಕರಡಿಗೆ ತಂದ ದಿನವೇ ತರೀಕೆರೆಯಿಂದ ನೆಂಟರು ಬಂದಿಳಿದರು, ಸಂಜೆ ಇಡೋಣ ಎಂದುಕೊಂಡೆ, ಸಂಜೆ ಹೋಯಿತು, ನಾಳೆ ಎಂದುಕೊಂಡೆ, ಅದೂ ಹೋಯಿತು. ಯುಗಾದಿಯಿಂದ ಶ್ರಾವಣದವರೆಗೆ ನಾಲ್ಕು ತಿಂಗಳು ಖಾಲಿ ಕರಡಿಗೆ ಕಟ್ಟಿಕೊಂಡು ತಿರುಗಿದೆ, ಉಂಡೆ, ಮಲಗಿದೆ, ಮಠಕ್ಕೆ ಹೋದೆ, ಊರಿಗೆಲ್ಲ ಆಚಾರ ಹೇಳಿದೆ.

ಗೊತ್ತಾದದ್ದು ಇದೇ ಏಳನೇ ತಾರೀಕು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ನೀನು ಹೋಗಿ ಒಂಬತ್ತು ದಿನವಾಗಿತ್ತು, ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ಚಂದ್ರಕುಮಾರ ನೆನಪಾದ. ಬೇಕೆಂದೇ ಗಿರಾಕಿ ತುಂಬಿರುವ ಹೊತ್ತು ನೋಡಿಕೊಂಡು ಅವನ ಅಂಗಡಿ ಮೆಟ್ಟಿಲು ಹತ್ತಿದೆ. ಬೆಳ್ಳಿ ಮುಖವಾಡ, ದೀಪ ಕೊಳ್ಳಲು ಬಂದ ಹೆಂಗಸರು ಸಂದಿಲ್ಲದೆ ಕೂತಿದ್ದರು. ‘ಏನಪ್ಪಾ, ದೇವರ ಕರಡಿಗೆಗೂ ಕೈ ಹಾಕ್ತೀಯಲ್ಲ, ನಿಂಗೆ ಒಳ್ಳೇದಾಗುತ್ತಾ?’ ಎಂದೆ. ಇಡೀ ಅಂಗಡಿ ನನ್ನ ಕಡೆ ತಿರುಗಿತು. ಆ ಮನುಷ್ಯ ಸಿಟ್ಟಾಗಲಿಲ್ಲ. ‘ತೂಕ ಹಾಕಾಣ ಬಿಡಿ ಅಮ್ಮ, ಅದಕ್ಕೇನಂತೆ. ಚೀಟೀಲಿ ಬರ್ದಿಟ್ಟಿದೀನಿ. ನೀವು ಲಿಂಗ ತೆಕ್ಕೊಳ್ಳಿ, ನಾನು ಆ ಕಡೆ ತಿರುಕ್ಕೊಂತೀನಿ’ ಎಂದ. ನಾನು ಗೋಡೆಗೆ ಮುಖ ಮಾಡಿ ತಿರುಪು ಬಿಚ್ಚಿದೆ.

ಒಳಗೆ ಏನೂ ಇರಲಿಲ್ಲ ದೀಪಾ. ಅವನು ಉಜ್ಜಿ ಕೊಟ್ಟ ಹೊಳಪು ಹಾಗೇ ಇತ್ತು, ಒಂದು ಚೂರು ವಿಭೂತಿಯ ಧೂಳೂ ಅಂಟಿರಲಿಲ್ಲ. ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದ ಕಾಲ ಒಂದಿತ್ತು. ಅಂಥ ಹೊತ್ತಿನಲ್ಲೂ ನಿನ್ನ ಅತ್ತೆ ಏನು ಮಾಡಿದಳು ಗೊತ್ತಾ? ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಳು, ಒಳಗೆ ಲಿಂಗ ಇದೆ ಅನ್ನುವ ಹಾಗೆ! ಮುಷ್ಟಿ ಹಿಡಿದೇ ಬಲಗೈಯಲ್ಲಿ ಕರಡಿಗೆ ಕೊಟ್ಟೆ. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಎದ್ದು ನಿಂತು ಭಕ್ತಿಯಿಂದ ನನ್ನ ಮುಷ್ಟಿಗೆ ಕೈ ಮುಗಿದಳು. ನಾನು ತಲೆ ಅಲ್ಲಾಡಿಸಿ ಆಶೀರ್ವಾದ ಬೇರೆ ಮಾಡಿದೆ. ಚಂದ್ರಕುಮಾರ ತಕ್ಕಡಿಗೆ ಹಾಕಿದ. ‘ನಲ್ವತ್ತೆರಡು ಗ್ರಾಂ ಕೊಟ್ಟಿದ್ರಿ, ನಲ್ವತ್ತೆರಡೇ ಐತೆ, ನೀವೇ ನೋಡಿ ಅಮ್ಮ. ನಿಮಗೇನೋ ಹಂಗೆ ಅನ್ಸಿರಬೇಕು’ ಎಂದು ಚೀಟಿ ಮುಂದಿಟ್ಟ. ಮತ್ತೆ ಗೋಡೆಗೆ ತಿರುಗಿ, ಇಲ್ಲದ ಲಿಂಗವನ್ನು ಒಳಗಿಡುವ ಶಾಸ್ತ್ರ ಮಾಡಿ, ಮುಚ್ಚಳ ತಿರುಗಿಸಿ, ಮೆಟ್ಟಿಲು ಇಳಿದೆ. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಬಂದವಳು ಮನೆ ಬುಡಮೇಲು ಮಾಡಿದೆ. ಎಲ್ಲಿಟ್ಟಿದ್ದೆ ಎನ್ನುವುದು ಸುತರಾಂ ನೆನಪಿಲ್ಲ. ಟ್ರಂಕು, ಅಕ್ಕಿ ಡಬ್ಬ, ಸೀರೆ ಮಡಿಕೆ, ಹಳೇ ಕೈಚೀಲ ಎಲ್ಲ ಸುರಿದೆ. ‘ಏನು ಹುಡುಕ್ತಿದೀಯೇ?’ ಎಂದು ನಿನ್ನ ಮಾವ ಕೇಳಿದರೆ ‘ಸೂಜಿ’ ಎಂದೆ. ‘ಸೂಜಿಗೆ ಯಾಕೆ ಅಳ್ತೀಯ?’ ಎಂದರು. ಆಗ ನನಗೆ ಅಳುತ್ತಿದ್ದೇನೆಂದು ತಿಳಿಯಿತು. ಕೊನೆಗೆ ಸಂಜೆ ಹೊತ್ತಿಗೆ ದೇವರ ಕೋಣೆಯ ಗೂಡಿನಲ್ಲಿ, ಹಿಂದುಗಡೆ, ವಿಭೂತಿ ಗಟ್ಟಿ ತುಂಬಿಡುವ ಹಿತ್ತಾಳೆ ಡಬ್ಬಿಯಲ್ಲಿ ಸಿಕ್ಕಿತು. ಶಿವ ಕಾಪಾಡಿದ. ಸ್ನಾನ ಮಾಡಿ, ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಕರಡಿಗೆಗೆ ಸೇರಿಸಿ, ಅಲ್ಲೇ ಗೋಡೆಗೊರಗಿ ಕೂತುಬಿಟ್ಟೆ.

ಈಗ ನೀನು ಕೇಳಬೇಕಾದ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದೇನೆ. ದಿನಾ ಲಿಂಗಪೂಜೆ ಮಾಡುವವಳಿಗೆ ನಾಲ್ಕು ತಿಂಗಳು ಲಿಂಗವಿಲ್ಲದ್ದು ಹೇಗೆ ಗೊತ್ತಾಗಲಿಲ್ಲ? ಮಾಡಿದ್ದರೆ ತಾನೇ ಗೊತ್ತಾಗುವುದು! ಮಂಡಿ ನೋವು ಶುರುವಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗಲಿಲ್ಲ. ಮೊದಮೊದಲು ದಿನ ಬಿಟ್ಟು ದಿನ ಮಾಡಿದೆ, ಆಮೇಲೆ ಸೋಮವಾರ ಮಾತ್ರ, ಆಮೇಲೆ ಕರಡಿಗೆಯನ್ನು ಎರಡು ಕಣ್ಣಿಗೆ ಒತ್ತಿಕೊಂಡು, ತಟ್ಟೆಯಲ್ಲಿದ್ದ ವಿಭೂತಿ ಹಣೆಗೆ ಬಳಿದುಕೊಂಡು ಹೊರಗೆ ಬಂದು ‘ನನ್ನ ಪೂಜೆ ಆಯ್ತಪ್ಪ’ ಎಂದು ಗಟ್ಟಿಯಾಗಿ ಹೇಳುವುದು. ಆ ಗಟ್ಟಿ ದನಿಯಲ್ಲೇ ಎಲ್ಲ ಇತ್ತು ನೋಡು. ಏಳೂ ಹತ್ತರ ತರೀಕೆರೆ ಬಸ್ಸಿಗೆ ನೀನು ಓಡುವುದು ಕಂಡಾಗಲೆಲ್ಲ ‘ಇವಳೆಲ್ಲಿ ಪೂಜೆ ಮಾಡಿರ್ತಾಳೆ’ ಎಂದು ನನ್ನ ಬಾಯಿ ತುರಿಸುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರು ಅನ್ನುತ್ತಾರಲ್ಲ, ಆ ಗಾದೆ ಮಾಡಿದವರು ನನ್ನಂಥವಳನ್ನು ನೋಡಿಯೇ ಮಾಡಿರಬೇಕು.

ಮನಸ್ಸು ತಡೆಯದೆ ಮಾರನೇ ವಾರ ಮಠಕ್ಕೆ ಹೋದೆ. ಅಜ್ಜಯ್ಯನವರ ಮುಂದೆ ಕೂತು, ಅಲ್ಲೂ ಬುದ್ಧಿ ಬಿಡಲಿಲ್ಲ, ‘ನಮ್ಮ ಕಡೆ ಒಬ್ಬ ಹೆಣ್ಮಗಳು ಹಿಂಗೆ ಮಾಡ್ಕೊಂಡಿದಾಳೆ ಬುದ್ದಿ, ಅವಳಿಗೇನು ಪ್ರಾಯಶ್ಚಿತ್ತ?’ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ‘ಆ ಹೆಣ್ಮಗಳಿಗೆ ಹೇಳಮ್ಮ, ಲಿಂಗಕ್ಕೇನೂ ಆಗಿಲ್ಲ. ಮಂಡಿ ನೋವಿದ್ರೆ ಕುರ್ಚಿ ಮೇಲೆ ಕೂತು ಪೂಜೆ ಮಾಡ್ಲಿ, ಶಿವ ಏನೂ ಬೇಡ ಅನ್ನಲ್ಲ’ ಎಂದರು. ನಾನು ಬದುಕಿದೆ ಎಂದು ಅಡ್ಡಬಿದ್ದು ಎದ್ದೆ. ಬಾಗಿಲವರೆಗೆ ಬಂದಿದ್ದೆ, ಹಿಂದಿನಿಂದ ಕರೆದರು. ‘ಇನ್ನೊಂದು ಕೇಳು ಅವಳನ್ನ. ಆ ನಾಕು ತಿಂಗಳಲ್ಲಿ ಯಾರನ್ನಾದ್ರೂ ನೋಯಿಸಿದಾಳಾ ಅಂತ. ಅದಕ್ಕೆ ಕುರ್ಚಿ ಸಾಕಾಗಲ್ಲ.’ ಮಂಡಿ ನೋವಿನ ಮಾತು ನಾನು ಆಡಿಯೇ ಇರಲಿಲ್ಲ ಎನ್ನುವುದು ಆಮೇಲೆ ಬಸ್ಸಿನಲ್ಲಿ ಹೊಳೆಯಿತು. ಎಲ್ಲ ಗೊತ್ತಾಗಿಬಿಟ್ಟಿದೆ ಅವರಿಗೆ.

ಚಂದ್ರಕುಮಾರನದು ಸರಿಮಾಡಿದ್ದೇನೆ. ಬುಧವಾರ ರಾಗಿ ಇಲ್ಲದಿದ್ದರೂ ಡಬ್ಬ ಹಿಡಿದು ಮಿಲ್ಲಿಗೆ ಹೋಗಿ, ‘ಅಕ್ಕಸಾಲಿ ತೂಕ ಸರಿ ಐತೆ, ನಂದೇ ತಪ್ಪು’ ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿ, ಅವನ ಅಂಗಡಿಗೂ ಹೋಗಿ ಹೇಳಿ ಬಂದೆ. ಅವನು ಕೂರಿಸಿ ಟೀ ತರಿಸಿಕೊಟ್ಟ. ಕುರ್ಚಿಯ ಪೂಜೆಯೂ ನಡೆದಿದೆ. ಲಿಂಗ ಸಿಕ್ಕ ದಿನದಿಂದ ಒಂದು ದಿನವೂ ಪೂಜೆ ತಪ್ಪಿಲ್ಲ, ಮತ್ತು ಆಯಿತೆಂದು ಯಾರಿಗೂ ಕೂಗಿ ಹೇಳುತ್ತಿಲ್ಲ. ಹೇಳದೇ ಇರುವುದೇ ಕಷ್ಟ ಕಣೇ, ಬಾಯಿವರೆಗೆ ಬಂದು ನಿಲ್ಲುತ್ತದೆ. ಆದರೂ ಬೆಳಗ್ಗೆ ಆ ಅರ್ಧ ಗಂಟೆ ಎಷ್ಟು ಹಿತವಾಗಿದೆ ಎಂದರೆ, ಇಷ್ಟು ದಿನ ಇದನ್ನು ಬಿಟ್ಟು ಟಿವಿ ಪ್ರವಚನ ಕೇಳುತ್ತಿದ್ದೆನಲ್ಲ ಎಂದು ನನಗೇ ನಗು ಬರುತ್ತದೆ. ಮನಸ್ಸು ಹಗುರವಾಗಿದೆ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ. ನಿನ್ನ ವಿಷಯ ಒಂದೇ ಚುಚ್ಚುತ್ತಿರುವುದು.

ನಿನ್ನ ಮಾವನಿಗೆ ಮೊನ್ನೆ ಎಲ್ಲ ಹೇಳಿದೆ. ಮುಷ್ಟಿಯ ಕಥೆ ಬಂದಾಗ ಆ ಮನುಷ್ಯ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ನಕ್ಕರು. ‘ಆಚಾರ ಹೇಳೋದು, ಬದನೇಕಾಯಿ ತಿನ್ನೋದು’ ಎಂದು ಹಾಡು ಬೇರೆ. ನಗು ನಿಂತ ಮೇಲೆ ದೀಪಾಗೆ ಕಾಗದ ಬರೆಯುತ್ತೇನೆ ಅಂದೆ. ‘ಬರಿ, ಬೇಡ ಅನ್ನಲ್ಲ. ಆದ್ರೆ ಪಡಸಾಲೇಲಿ ಮೂವತ್ತು ಜನದ ಮುಂದೆ ಅಂದಿದ್ದನ್ನ ಒಂದು ಹಾಳೇಲಿ ವಾಪಸ್ ತಗೊಂಡ್ರೆ ಆಗುತ್ತೇನೇ?’ ಎಂದರು. ನೋಡೋಣ ಎಂದು ಎದ್ದು ಒಳಗೆ ಬಂದೆ.

ನಾಳೆ ಶ್ರಾವಣದ ಕಡೇ ಸೋಮವಾರ. ಮತ್ತೆ ಪಾದಪೂಜೆ, ಮತ್ತೆ ಅದೇ ಜನ. ಹೂರಣ ಅರೆಯಲು ಓಣಿಯ ಹೆಂಗಸರು ಬರುತ್ತಾರೆ. ನನ್ನ ಕೋರಿಕೆ ಇಷ್ಟು: ನೀನು ಬಾ. ತೀರ್ಥದ ಬಟ್ಟಲು ನಿನ್ನ ಕೈಗೇ ಕೊಡುತ್ತೇನೆ, ಎಲ್ಲರಿಗಿಂತ ಮೊದಲು ನಾನೇ ನಿನ್ನ ಮುಂದೆ ಅಂಗೈ ಹಿಡಿಯುತ್ತೇನೆ. ನೋಡಿದವರು ಅರ್ಥಮಾಡಿಕೊಳ್ಳಲಿ. ಆಮೇಲೆ ಕಡೂರಿನವರಿಗೆ ಏನು ಹೇಳಬೇಕೆನ್ನಿಸುತ್ತದೋ ಹೇಳು. ಹೂಂ ಅಂದರೂ ನನಗೆ ಬೇಜಾರಿಲ್ಲ, ಸಿಟ್ಟಿನಲ್ಲಿ ಅನ್ನಬೇಡ ಅಷ್ಟೇ. ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತೀಯೋ, ಪೂಜೆ ಮಾಡುತ್ತೀಯೋ, ಯಾವುದು ಮೊದಲು, ಯಾವುದು ಆಮೇಲೆ, ಅದು ನಿನಗೂ ಶಿವನಿಗೂ ಬಿಟ್ಟದ್ದು. ನಾನು ಇನ್ನು ಲೋಟದ ಕಡೆ ನೋಡುವುದಿಲ್ಲ. ನೋಡಿದರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ‘ಅತ್ತೆ, ಮುಷ್ಟಿ’ ಅನ್ನು, ತಕ್ಷಣ ಮುಚ್ಚಿಕೊಳ್ಳುತ್ತೇನೆ.

ನಿಮ್ಮಪ್ಪ ಅಮ್ಮನಿಗೆ ನಮ್ಮಿಬ್ಬರ ಶರಣು ಹೇಳು. ನಿನಗೆ ಶಿವ ಆಯಸ್ಸು, ಆರೋಗ್ಯ, ನನ್ನನ್ನು ಸಹಿಸುವ ತಾಳ್ಮೆ ಮೂರನ್ನೂ ಧಾರಾಳವಾಗಿ ಕೊಡಲಿ.

ನಿನ್ನ ಅತ್ತೆ,
ಗುರುಶಾಂತಮ್ಮ ಕಲ್ಲೇಶಪ್ಪ

ತಾ.ಕ.: ಓಂಕಾರೇಶ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೇಲೆ ‘ಶಿವ ಕಾಪಾಡಿದ’ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಯುಗಾದಿಯಲ್ಲಿ ನಾನು ಲಿಂಗ ಸುತ್ತಿಟ್ಟದ್ದು ಹಳೇ ಕೆಂಪು ಬಟ್ಟೆಯಲ್ಲಿ. ಡಬ್ಬಿ ತೆಗೆದಾಗ ಅದು ಇದ್ದದ್ದು ನಿನ್ನ ಹಸಿರು ಹತ್ತಿ ವೇಲಿನ ತುಂಡಿನಲ್ಲಿ, ಒಗೆದು ಮಡಿಸಿದ್ದು. ಲಿಂಗದ ಮೇಲೆ ವಿಭೂತಿಯ ಮೂರು ಗೆರೆ ಇತ್ತು, ಒಂದು ಬಿಲ್ವಪತ್ರೆ ಇತ್ತು. ಪತ್ರೆ ಒಣಗಿ ಎಂಟು ಹತ್ತು ದಿನವಾಗಿತ್ತು. ಅಂದರೆ ನೀನು ಬಸ್ಸು ಹತ್ತಿದ ದಿನ ಬೆಳಗ್ಗೆ ಇಟ್ಟದ್ದು. ಆ ಡಬ್ಬಿಗೆ ಕೈ ಹಾಕುವುದು ದಿನಾ ಪೂಜೆಗೆ ವಿಭೂತಿ ಬೇಕಾದವರು. ನಾನು ನಾಲ್ಕು ತಿಂಗಳಿಂದ ಹಾಕಿರಲಿಲ್ಲ. ನಿನಗೆ ಯಾವತ್ತಿನಿಂದ ಗೊತ್ತಿತ್ತು ದೀಪಾ? ಹೇಳಿದರೆ ನಾನು ಹಾರಾಡುತ್ತೇನೆಂದು ಹೆದರಿದೆಯೋ, ಮುದುಕಿಯ ಮಾನ ಹೋಗದಿರಲಿ ಎಂದು ಸುಮ್ಮನಿದ್ದೆಯೋ, ಕೇಳುವ ಯೋಗ್ಯತೆ ನನಗಿಲ್ಲ. ಆವತ್ತು ಅಷ್ಟು ಜನರ ಮುಂದೆ ‘ಅತ್ತೆ, ನಿಮ್ಮ ಕರಡಿಗೆ ಒಂದ್ಸಲ ತೆಗೀರಿ’ ಎಂದು ನೀನು ಅಂದಿದ್ದರೆ ಸಾಕಿತ್ತು, ನಾನು ಅಲ್ಲೇ ಮುಗಿದುಹೋಗುತ್ತಿದ್ದೆ. ನೀನು ಬಟ್ಟಲು ಕೆಳಗಿಟ್ಟು ಒಳಗೆ ಹೋದೆ. ಇದೊಂದನ್ನು ನಿನ್ನ ಮಾವನಿಗೂ ಹೇಳಿಲ್ಲ. ನಾಳೆ ಪಡಸಾಲೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳುತ್ತೇನೆ, ಖಾಲಿ ಕರಡಿಗೆ, ಮುಷ್ಟಿ, ಹಸಿರು ಬಟ್ಟೆ ಒಂದೂ ಬಿಡದೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ತಪ್ಪಾಯಿತು ಮಗಳೇ. ಸಾಧ್ಯವಾದರೆ ಬಂದು ನನ್ನ ಪಕ್ಕ ನಿಂತುಕೋ, ಒಬ್ಬಳಿಗೇ ಭಯವಾಗುತ್ತದೆ.